ವಾಟರ್‌ಲೂ ನಿಜವಾಗಿ ಏನನ್ನು ತೀರ್ಮಾನ ಮಾಡಿತು? ಮಗನ ಪ್ರಶ್ನೆಗೆ ಉತ್ತರ ಬೇಕು

ಐಂಡ್‌ಹೋವನ್_ಅಪ್ಪ

ಎಲ್ಲರಿಗೂ ನಮಸ್ಕಾರ. ನಾವು ನೆದರ್‌ಲ್ಯಾಂಡ್ಸ್‌ಗೆ ಬಂದು ಆರು ವರ್ಷ ಆಯಿತು. ಹೋದ ಶನಿವಾರ ಮಗನನ್ನು ಕರೆದುಕೊಂಡು ಬೆಲ್ಜಿಯಂನ ವಾಟರ್‌ಲೂ ನೋಡಲು ಹೋಗಿದ್ದೆ. ಬ್ರಸೆಲ್ಸ್ ದಾಟಿ ಸ್ವಲ್ಪ ದಕ್ಷಿಣಕ್ಕೆ. ಅಲ್ಲಿ ಮಣ್ಣು ಪೇರಿಸಿ ಕಟ್ಟಿದ ದೊಡ್ಡ ಗುಡ್ಡ ಇದೆ, ತುದಿಯಲ್ಲಿ ಸಿಂಹ. 226 ಮೆಟ್ಟಿಲು. ಹತ್ತಿ ನೋಡಿದರೆ ಸುತ್ತ ಗೋಧಿ, ಆಲೂಗಡ್ಡೆ ಹೊಲ. ಇಷ್ಟೇನಾ ಅನಿಸಿತು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಆರಾಮಾಗಿ ನಡೆದುಬಿಡಬಹುದು. ಅಷ್ಟು ಜಾಗದಲ್ಲಿ 1815ರ ಜೂನ್ 18ರಂದು ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಜನ ಹೊಡೆದಾಡಿದರು ಅಂದರೆ ನಂಬಲು ಕಷ್ಟ.

ಮೇಲೆ ನಿಂತಾಗ ಮಗ ಕೇಳಿದ: "ಅಪ್ಪಾ, ನೆಪೋಲಿಯನ್ ಗೆದ್ದಿದ್ದರೆ?" ಅವನೇ ಚಕ್ರವರ್ತಿಯಾಗಿ ಮುಂದುವರಿಯುತ್ತಿದ್ದ ಅಂದೆ. "ಎಷ್ಟು ದಿನ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮನೆಗೆ ಬಂದು ಓದಿದರೆ ಗೊಂದಲ ಇನ್ನೂ ಹೆಚ್ಚಾಯಿತು. ನೆಪೋಲಿಯನ್ ಸೋತ 1813ರ ಲೈಪ್‌ಜಿಗ್ ಕದನ ಇದಕ್ಕಿಂತ ಎಷ್ಟೋ ದೊಡ್ಡದು. ಆದರೂ ಎಲ್ಲರ ಬಾಯಲ್ಲಿ ವಾಟರ್‌ಲೂ ಹೆಸರೇ ಯಾಕೆ? ಆ ಒಂದು ದಿನ ನಿಜಕ್ಕೂ ಏನನ್ನು ತೀರ್ಮಾನ ಮಾಡಿತು? ತಿಳಿದವರು ದಯವಿಟ್ಟು ಹೇಳಿ.

ಕಾವೇರಿ_ತೀರ

ವಾಟರ್‌ಲೂನಲ್ಲಿ ನೆಪೋಲಿಯನ್ನನ್ನು ಎದುರಿಸಿದ ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್ ಅಂದರೆ ನಮ್ಮ ಶ್ರೀರಂಗಪಟ್ಟಣದಲ್ಲಿ ಇದ್ದವನೇ ಅಲ್ವಾ? ಅರ್ಥರ್ ವೆಲ್ಲೆಸ್ಲಿ?

ಐಂಡ್‌ಹೋವನ್_ಅಪ್ಪ

ಹೌದು, ಅವನೇ. ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಅವನ ಚಿತ್ರ ನೋಡಿದಾಗ ನನಗೂ ಮೊದಲು ನೆನಪಾದದ್ದು ದರಿಯಾ ದೌಲತ್.

ನಿವೃತ್ತ_ಮೇಷ್ಟ್ರು

ನಿಮ್ಮ ಮಗನ ಎರಡನೇ ಪ್ರಶ್ನೆ ಇದೆಯಲ್ಲ, "ಎಷ್ಟು ದಿನ", ಅದೇ ಸರಿಯಾದ ಪ್ರಶ್ನೆ. 31 ವರ್ಷ ಇತಿಹಾಸ ಪಾಠ ಮಾಡಿದ್ದೇನೆ. ತರಗತಿಯಲ್ಲಿ ಇದನ್ನು ಕೇಳಿದ ಹುಡುಗರು ಬಹಳ ಕಡಿಮೆ.

ಹಿನ್ನೆಲೆ ನೋಡಿ. 1814ರಲ್ಲಿ ಸೋತು ಎಲ್ಬಾ ದ್ವೀಪ ಸೇರಿದ್ದ ನೆಪೋಲಿಯನ್ 1815ರ ಮಾರ್ಚ್ 1ಕ್ಕೆ ಫ್ರಾನ್ಸಿನ ದಡ ಮುಟ್ಟಿದ. ಜೊತೆಗಿದ್ದವರು ಸಾವಿರ ಚಿಲ್ಲರೆ ಜನ. ಮಾರ್ಚ್ 20ಕ್ಕೆ ಪ್ಯಾರಿಸ್‌ನಲ್ಲಿದ್ದ. ಅವನನ್ನು ಹಿಡಿಯಲು ಕಳಿಸಿದ ಸೈನಿಕರೇ ಅವನ ಹಿಂದೆ ನಡೆದರು. ಆಗ ಯುರೋಪಿನ ದೊಡ್ಡವರೆಲ್ಲ ವಿಯೆನ್ನಾದಲ್ಲಿ ಸಭೆ ಸೇರಿದ್ದರು. ಮಾರ್ಚ್ 13ಕ್ಕೇ ಅವನು ಕಾನೂನಿನ ರಕ್ಷಣೆ ಇಲ್ಲದವನು ಎಂದು ಸಾರಿದರು. ತಿಂಗಳು ಮುಗಿಯುವುದರೊಳಗೆ ಬ್ರಿಟನ್, ರಷ್ಯಾ, ಆಸ್ಟ್ರಿಯಾ, ಪ್ರಷ್ಯಾ (ಆಗಿನ ದೊಡ್ಡ ಜರ್ಮನ್ ರಾಜ್ಯ) ತಲಾ 1,50,000 ಸೈನಿಕರನ್ನು ಕೊಡುವುದಾಗಿ ಒಪ್ಪಂದ ಮಾಡಿಕೊಂಡವು.

ಅಂದರೆ ವಾಟರ್‌ಲೂನಲ್ಲಿ ಅವನ ಎದುರಿಗಿದ್ದದ್ದು ಮೊದಲ ಕಂತು ಮಾತ್ರ, ವೆಲಿಂಗ್ಟನ್ ಸೈನ್ಯ ಮತ್ತು ಪ್ರಷ್ಯನ್ನರು. ಆಸ್ಟ್ರಿಯಾ, ರಷ್ಯಾದ ದೊಡ್ಡ ಸೈನ್ಯಗಳು ರೈನ್ ನದಿಯ ಕಡೆ ಬರುತ್ತಲೇ ಇದ್ದವು. ಅಂದು ಗೆದ್ದಿದ್ದರೂ ಜುಲೈನಲ್ಲೋ ಆಗಸ್ಟ್‌ನಲ್ಲೋ ಇನ್ನೊಂದು ಕದನ, ಅದರ ಮೇಲೆ ಮತ್ತೊಂದು. ಫ್ರಾನ್ಸಿನಲ್ಲಿ ಅಷ್ಟು ಗಂಡಸರು ಉಳಿದಿರಲಿಲ್ಲ. 1812ರಲ್ಲಿ ರಷ್ಯಾದ ಹಿಮದಲ್ಲಿ ಒಂದು ತಲೆಮಾರು ಹೋಗಿತ್ತು. 1813ರ ಅಕ್ಟೋಬರ್ 16ರಿಂದ 19ರವರೆಗೆ ಲೈಪ್‌ಜಿಗ್‌ನಲ್ಲಿ 5 ಲಕ್ಷಕ್ಕೂ ಹೆಚ್ಚು ಸೈನಿಕರು ಕಾದಾಡಿದರು. ಜರ್ಮನಿ ಅವನ ಕೈ ಬಿಟ್ಟದ್ದು ಅಲ್ಲಿ. ನನ್ನ ಪ್ರಕಾರ ತೀರ್ಮಾನ ಆದದ್ದೂ ಅಲ್ಲೇ.

ದಾವಣಗೆರೆ_ದೀಪು

ಮೇಷ್ಟ್ರೇ, ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ತಲೆ ಎಣಿಸಿದರೆ ನೀವು ಹೇಳಿದ್ದು ಸರಿ. ಆದರೆ ನೆಪೋಲಿಯನ್ ಬೆಲ್ಜಿಯಂಗೆ ನುಗ್ಗಿದ್ದು ತಲೆ ಎಣಿಸಿ ಅಲ್ಲ. ಆ ಒಕ್ಕೂಟ ಒಳಗಿನಿಂದ ಒಡೆದಿತ್ತು. 1815ರ ಜನವರಿ 3ರಂದು ಬ್ರಿಟನ್, ಆಸ್ಟ್ರಿಯಾ ಮತ್ತು ಸೋತ ಫ್ರಾನ್ಸ್ ಸೇರಿ ರಷ್ಯಾ, ಪ್ರಷ್ಯಾ ವಿರುದ್ಧ ಗುಟ್ಟಾಗಿ ಒಪ್ಪಂದಕ್ಕೆ ಸಹಿ ಹಾಕಿದ್ದವು. ಪೋಲೆಂಡ್ ಮತ್ತು ಸ್ಯಾಕ್ಸನಿ ಯಾರ ಪಾಲಿಗೆ ಎಂಬ ಜಗಳ. ಎಲ್ಬಾದಿಂದ ನೆಪೋಲಿಯನ್ ಹೊರಡುವುದಕ್ಕೆ ಎರಡು ತಿಂಗಳು ಮುಂಚೆ ಇವರೇ ಪರಸ್ಪರ ಯುದ್ಧಕ್ಕೆ ನಿಂತಿದ್ದರು!

ಇದಕ್ಕೆಲ್ಲ ದುಡ್ಡು ಕೊಡುತ್ತಿದ್ದದ್ದು ಬ್ರಿಟನ್. ವೆಲಿಂಗ್ಟನ್ ಸೈನ್ಯ ಅಂದು ನಾಶವಾಗಿದ್ದರೆ ಲಂಡನ್ ಸರ್ಕಾರ ಉಳಿಯುತ್ತಿತ್ತಾ? ಅದು ಬಿದ್ದಿದ್ದರೆ ಉಳಿದವರು ತಮ್ಮ ತಮ್ಮ ಲಾಭ ನೋಡಿಕೊಂಡು ಸಂಧಿಗೆ ಬರುತ್ತಿರಲಿಲ್ಲವಾ?

ನಿವೃತ್ತ_ಮೇಷ್ಟ್ರು

ದೀಪು, ಒಳ್ಳೆಯ ವಾದ. ಆದರೆ ಆ ಗುಟ್ಟಿನ ಒಪ್ಪಂದದ ಪ್ರತಿ ಪ್ಯಾರಿಸ್‌ನಲ್ಲಿ ನೆಪೋಲಿಯನ್ ಕೈಗೇ ಸಿಕ್ಕಿತು. ಅವನು ಅದನ್ನು ನೇರವಾಗಿ ರಷ್ಯಾದ ಚಕ್ರವರ್ತಿ ಅಲೆಕ್ಸಾಂಡರ್‌ಗೆ ಕಳಿಸಿದ. ನೋಡು, ನಿನ್ನ ಗೆಳೆಯರು ನಿನ್ನ ಬೆನ್ನ ಹಿಂದೆ ಏನು ಮಾಡಿದ್ದಾರೆ ಅಂತ. ಅಲೆಕ್ಸಾಂಡರ್ ಕೋಪ ನುಂಗಿಕೊಂಡು ಒಕ್ಕೂಟದಲ್ಲೇ ಉಳಿದ. ಅವರ ನಡುವೆ ಎಷ್ಟೇ ಜಗಳ ಇರಲಿ, ನೆಪೋಲಿಯನ್ ಬೇಡ ಎನ್ನುವುದರಲ್ಲಿ ಎಲ್ಲರೂ ಒಂದೇ. ಇದನ್ನು ಹೇಗೆ ಬಿಡಿಸುತ್ತೀಯಪ್ಪಾ?

ದಾವಣಗೆರೆ_ದೀಪು

ಬಿಡಿಸಲು ಸ್ವಲ್ಪ ಟೈಮ್ ಕೊಡಿ ಸರ್. ಬರುತ್ತೇನೆ.

ಬ್ರಸೆಲ್ಸ್_ಕನ್ನಡತಿ

ನನ್ನ ಮನೆಯಿಂದ ಆ ಜಾಗ ಅರ್ಧ ಗಂಟೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ವಾಕಿಂಗ್ ಹೋಗುತ್ತೇನೆ. ಅಪ್ಪ ಅವರೇ, ಗುಡ್ಡ ಹತ್ತಿ ಇಳಿದುಬಿಟ್ಟರೆ ಅರ್ಧ ಕಥೆ ಮಾತ್ರ ಸಿಗುತ್ತದೆ. ಯಾಕೆ ಅಂದರೆ ಆ ಗುಡ್ಡವೇ ಯುದ್ಧಭೂಮಿಯನ್ನು ಕೆಡಿಸಿದೆ.

ಅದು ಡಚ್ ರಾಜಕುಮಾರ ಗಾಯಗೊಂಡ ಜಾಗದ ಗುರುತಿಗೆ ಕಟ್ಟಿದ್ದು. ಮುಗಿದದ್ದು 1826ರಲ್ಲಿ. ಮಣ್ಣು ತಂದದ್ದು ಎಲ್ಲಿಂದ? ಅಲ್ಲೇ ಪಕ್ಕದ ದಿಬ್ಬವನ್ನು ಕೆರೆದು. ವೆಲಿಂಗ್ಟನ್ ಸೈನಿಕರು ಅಡಗಿ ಮಲಗಿದ್ದದ್ದು ಆ ದಿಬ್ಬದ ಹಿಂದೆಯೇ. ಅವನ ಚಾತುರ್ಯ ಎಲ್ಲ ಅದರಲ್ಲಿತ್ತು. ಶತ್ರುವಿಗೆ ಕಾಣಿಸದಂತೆ ಇಳಿಜಾರಿನ ಹಿಂದಿನ ಬದಿಗೆ ಸೈನ್ಯ ಇಡುವುದು, ಫಿರಂಗಿ ಗುಂಡು ತಲೆಯ ಮೇಲೆ ಹಾರಿಹೋಗಲಿ ಎಂದು ನೆಲಕ್ಕೆ ಮಲಗಿಸುವುದು. ಈಗ ಮೇಲೆ ನಿಂತು ನೋಡಿದರೆ ಎಲ್ಲ ಸಪಾಟಾಗಿ ಕಾಣುತ್ತದೆ. ಕೆಳಗೆ ಇಳಿದು ಹೊಲದ ದಾರಿಯಲ್ಲಿ ನಡೆಯಿರಿ. ನೂರು ಹೆಜ್ಜೆ ಮುಂದೆ ಏನಿದೆ ಅಂತ ಗೊತ್ತಾಗುವುದಿಲ್ಲ.

ಇನ್ನು ಮಳೆ. ಹಿಂದಿನ ದಿನ, ಜೂನ್ 17ರಂದು, ಮಧ್ಯಾಹ್ನದಿಂದ ರಾತ್ರಿಯೆಲ್ಲ ಸುರಿದಿತ್ತು. ನಾನು ಒಮ್ಮೆ ಅಂಥ ಮಳೆಯ ಮರುದಿನ ಆ ಹೊಲದಲ್ಲಿ ನಡೆದಿದ್ದೇನೆ. ಪ್ರತಿ ಹೆಜ್ಜೆಗೂ ಶೂಗೆ ಅರ್ಧ ಕೆಜಿ ಮಣ್ಣು. ಅಂಥ ನೆಲದಲ್ಲಿ ಫಿರಂಗಿ ಎಳೆಯುವುದು ಹೇಗೆ? ಗುಂಡು ಪುಟಿಯುವುದಿಲ್ಲ, ಕೆಸರಲ್ಲಿ ಹೂತುಹೋಗುತ್ತದೆ. ನೆಲ ಒಣಗಲಿ ಎಂದು ನೆಪೋಲಿಯನ್ ಕಾದ. ಕದನ ಶುರುವಾದಾಗ ಬೆಳಗ್ಗೆ ಸುಮಾರು ಹನ್ನೊಂದೂವರೆ. ಅವನಿಗೆ ಬೇಕಾಗಿದ್ದದ್ದು ಸಮಯ, ಕಳೆದುಕೊಂಡದ್ದೂ ಅದನ್ನೇ.

ಹವಾಮಾನ_ಹರೀಶ

ಆ ಮಳೆಗೆ ಕಾರಣ ಇಂಡೋನೇಷ್ಯಾದ ಟಾಂಬೋರಾ ಜ್ವಾಲಾಮುಖಿ. 1815ರ ಏಪ್ರಿಲ್‌ನಲ್ಲಿ ಸಿಡಿಯಿತು. ನೆಪೋಲಿಯನ್ನನ್ನು ಸೋಲಿಸಿದ್ದೇ ಅದು.

ಬ್ರಸೆಲ್ಸ್_ಕನ್ನಡತಿ

ಹರೀಶ್, ಟಾಂಬೋರಾದಿಂದ ಬೇಸಿಗೆಯೇ ಇಲ್ಲದಂತಾದ ವರ್ಷ 1816, ಮುಂದಿನದ್ದು. ಬೂದಿ ಯುರೋಪಿನ ಹವೆಯನ್ನು ಕೆಡಿಸಿದ್ದು ಆಗ. 1815ರ ಜೂನ್‌ನ ಒಂದು ಮಳೆಯನ್ನು ಅದಕ್ಕೆ ಗಂಟು ಹಾಕುವುದು ಊಹೆ ಅಷ್ಟೇ. ಮೇಲಾಗಿ ಬೆಲ್ಜಿಯಂನಲ್ಲಿ ಜೂನ್ ತಿಂಗಳಲ್ಲಿ ಮಳೆ ಬರಲು ಜ್ವಾಲಾಮುಖಿ ಬೇಕಾಗಿಲ್ಲ.

ಹವಾಮಾನ_ಹರೀಶ

ಸರಿ ಅಕ್ಕಾ, ವರ್ಷದ ವಿಷಯ ಒಪ್ಪಿದೆ. ವಿಡಿಯೋ ಒಂದರಲ್ಲಿ ನೋಡಿ ಹೇಳಿದ್ದೆ.

ಕಲಬುರಗಿ_ಕಾಕಾ

ಪ್ರಷ್ಯನ್ನರನ್ನು ಬೆನ್ನಟ್ಟಲು ನೆಪೋಲಿಯನ್ ಕಳಿಸಿದ್ದ ಸೇನಾನಿ ಗ್ರೂಶಿ ಬಂದಿದ್ದರೆ ಕಥೆನೇ ಬೇರೆ ಇರುತ್ತಿತ್ತು. 33,000 ಜನರನ್ನು ಇಟ್ಟುಕೊಂಡು ಫಿರಂಗಿ ಸದ್ದು ಕೇಳಿಯೂ ಬರಲಿಲ್ಲ.

ನಕ್ಷೆ_ನಾಗರಾಜ

ಕಾಕಾ, ಗ್ರೂಶಿಗೆ ಎಲ್ಲರೂ ಬೈಯುತ್ತಾರೆ. ಆದರೆ ನಕ್ಷೆ ಹಿಡಿದು ನೋಡಿ.

ಜೂನ್ 16ಕ್ಕೆ ಎರಡು ಕದನ ನಡೆದವು. ಲಿನಿಯಲ್ಲಿ ನೆಪೋಲಿಯನ್ ಪ್ರಷ್ಯನ್ನರನ್ನು ಸೋಲಿಸಿದ. ಕಾತ್ರ್‌ಬ್ರಾದಲ್ಲಿ ನೆಪೋಲಿಯನ್ನನ ಸೇನಾನಿ ಮಾರ್ಷಲ್ ನೇ ವೆಲಿಂಗ್ಟನ್ನನ್ನು ತಡೆದ. ನಡುವೆ ದೆರ್ಲೋನ್ ಎಂಬ ಫ್ರೆಂಚ್ ಸೇನಾನಿಯ ದೊಡ್ಡ ಪಡೆ ಅತ್ತ ಕರೆದರೆ ಅತ್ತ, ಇತ್ತ ಕರೆದರೆ ಇತ್ತ ನಡೆದು ಇಡೀ ದಿನ ಎರಡರಲ್ಲಿ ಒಂದಕ್ಕೂ ಒದಗಲಿಲ್ಲ. ಅವಕಾಶ ಕೈ ತಪ್ಪಿದ್ದು ಅವತ್ತೇ ಎಂದು ನನಗೆ ಅನಿಸುತ್ತದೆ.

ಸೋತ ಪ್ರಷ್ಯನ್ನರು ಪೂರ್ವಕ್ಕೆ, ತಮ್ಮ ಊರಿನ ಕಡೆಗೆ ಓಡುತ್ತಾರೆ ಎಂದು ನೆಪೋಲಿಯನ್ ಲೆಕ್ಕ ಹಾಕಿದ. ಅವರು ಉತ್ತರಕ್ಕೆ, ವಾವ್ರ್ ಊರಿಗೆ ಹೋದರು. ಅಲ್ಲಿಂದ ವೆಲಿಂಗ್ಟನ್ ಜೊತೆ ಸೇರಲು ದಾರಿ ಇತ್ತು. ಅವರ ಸೇನಾಪತಿ ಬ್ಲ್ಯೂಖರ್‌ಗೆ ಆಗ 72 ವರ್ಷ. ಲಿನಿಯಲ್ಲಿ ಕುದುರೆ ಮೈಮೇಲೆ ಬಿದ್ದು ಜಜ್ಜಿಹೋಗಿದ್ದರು. ಆದರೂ ಎರಡೇ ದಿನಕ್ಕೆ ಮತ್ತೆ ಕುದುರೆ ಏರಿದರು. ಕೊಟ್ಟ ಮಾತಿಗೆ ನಿಂತ ಮನುಷ್ಯ.

ಈಗ ದೂರ ನೋಡಿ. ವಾವ್ರ್‌ನಿಂದ ಯುದ್ಧಭೂಮಿಗೆ ಸುಮಾರು 15 ಕಿಲೋಮೀಟರ್. ನಸುಕಿನಲ್ಲೇ ಹೊರಟ ಪ್ರಷ್ಯನ್ನರ ಬ್ಯೂಲೋ ಪಡೆ ಕೆಸರಿನ ಹಳ್ಳದ ದಾರಿಯಲ್ಲಿ ಒದ್ದಾಡಿ ಕದನಕ್ಕೆ ಇಳಿದದ್ದು ಸಂಜೆ ನಾಲ್ಕೂವರೆ ಹೊತ್ತಿಗೆ. ಗ್ರೂಶಿ ಇದ್ದದ್ದು ಅದಕ್ಕಿಂತ ದೂರ. ಫಿರಂಗಿ ಸದ್ದು ಕೇಳಿದ್ದು ಮಧ್ಯಾಹ್ನ. ಆಗ ಹೊರಟಿದ್ದರೂ ಕತ್ತಲಾಗುವುದರೊಳಗೆ ಮುಟ್ಟುತ್ತಿದ್ದನಾ? ಅನುಮಾನ.

ಕಲಬುರಗಿ_ಕಾಕಾ

ಹೊರಟರೆ ದಾರಿಯಲ್ಲಿ ಪ್ರಷ್ಯನ್ನರನ್ನಾದರೂ ತಡೆಯಬಹುದಿತ್ತಲ್ಲ ತಮ್ಮಾ. ಅಷ್ಟು ಸಾಕಿತ್ತು.

ನಕ್ಷೆ_ನಾಗರಾಜ

ಅದು ನ್ಯಾಯವಾದ ಮಾತು. ಆದರೆ ಅವನಿಗೆ ಇದ್ದ ಅಪ್ಪಣೆ ವಾವ್ರ್ ಕಡೆ ಹೋಗು ಅಂತ. ಅಲ್ಲಿ ಹೋಗಿ ಹೋರಾಡಿದ ಕೂಡ. ಎದುರಿಗೆ ಸಿಕ್ಕಿದ್ದು ಪ್ರಷ್ಯನ್ನರ ಒಂದೇ ಒಂದು ಭಾಗ. ಉಳಿದ ಮೂರು ಭಾಗ ಆಗಲೇ ವಾಟರ್‌ಲೂ ದಾರಿ ಹಿಡಿದಿದ್ದವು.

ಬ್ರಸೆಲ್ಸ್_ಕನ್ನಡತಿ

ನಾಗರಾಜ್ ಸರ್ ಪ್ರಷ್ಯನ್ನರ ಮಾತು ತೆಗೆದದ್ದು ಒಳ್ಳೆಯದಾಯಿತು. ನನಗೆ ಬೇಜಾರಾಗುವ ವಿಷಯ ಒಂದಿದೆ. ಗುಡ್ಡದ ಹತ್ತಿರ ಬಸ್ಸುಗಟ್ಟಲೆ ಜನ. ಎರಡು ಮೂರು ಕಿಲೋಮೀಟರ್ ಆಚೆ ಪ್ಲಾನ್ಸ್‌ನ್ವಾ ಹಳ್ಳಿಗೆ ಹೋಗುವವರೇ ಇಲ್ಲ. ಅಲ್ಲಿ ಚರ್ಚಿನ ಸುತ್ತ ಮನೆ ಮನೆಗೂ ಕಾದಾಟ ನಡೆದಿತ್ತು. ಹಳ್ಳಿ ಮತ್ತೆ ಮತ್ತೆ ಕೈ ಬದಲಾಯಿಸಿತು. ನೆಪೋಲಿಯನ್ ತನ್ನ ಕಾದಿಟ್ಟ ಪಡೆಯ ದೊಡ್ಡ ಪಾಲನ್ನು ಅಲ್ಲಿಗೆ ಕಳಿಸಬೇಕಾಯಿತು. ಆ ಪಡೆ ವೆಲಿಂಗ್ಟನ್ ಮೇಲೆ ಬಿದ್ದಿದ್ದರೆ ಆ ದಿಬ್ಬ ಉಳಿಯುತ್ತಿರಲಿಲ್ಲ.

ಸಂಜೆ ಸುಮಾರು ಆರು ಗಂಟೆಗೆ ವೆಲಿಂಗ್ಟನ್ ಸಾಲಿನ ನಟ್ಟನಡುವಿನ ಲಾ ಹೇ ಸ್ಯಾಂತ್ ತೋಟದ ಮನೆ ಫ್ರೆಂಚರ ವಶವಾಯಿತು. ಅದನ್ನು ಕಾಯುತ್ತಿದ್ದವರು ಬ್ರಿಟಿಷ್ ರಾಜನ ಕೆಳಗಿದ್ದ ಜರ್ಮನ್ ಸೈನಿಕರು. ಮದ್ದುಗುಂಡು ಮುಗಿದುಹೋಗಿತ್ತು. ಕಳಿಸಿ ಕಳಿಸಿ ಎಂದು ಕೇಳಿದರೂ ಬರಲಿಲ್ಲ. ಆ ಹೊತ್ತಿಗೆ ಪ್ರಷ್ಯನ್ನರು ಫ್ರೆಂಚರ ಬಲಬದಿಯಿಂದ ಒತ್ತುತ್ತಿದ್ದರು, ಅದಕ್ಕೇ ಎಲ್ಲ ಉಳಿಯಿತು. ಏಳೂವರೆಗೆ ಕೊನೆಯ ದಾಳಿಗೆ ಬಂದ ನೆಪೋಲಿಯನ್ನನ ಖಾಸಾ ಪಡೆ ಹಿಂದೆ ಸರಿಯಿತು. ಅದನ್ನು ನೋಡಿ ಇಡೀ ಸೈನ್ಯ ಚದುರಿತು.

ವೆಲಿಂಗ್ಟನ್ ಸೈನ್ಯದಲ್ಲೂ ಬ್ರಿಟನ್ನಿನವರು ಸುಮಾರು ಮೂರರಲ್ಲಿ ಒಂದು ಪಾಲು. ಉಳಿದವರು ಡಚ್ಚರು, ಬೆಲ್ಜಿಯನ್ನರು, ಹ್ಯಾನೋವರ್, ಬ್ರನ್ಸ್‌ವಿಕ್, ನಸ್ಸೌ ಕಡೆಯ ಜರ್ಮನ್ನರು. ಆದರೂ ಇದು ಇಂಗ್ಲಿಷರ ಗೆಲುವು ಎಂದೇ ಲೋಕಕ್ಕೆಲ್ಲ ಗೊತ್ತು.

ನಿವೃತ್ತ_ಮೇಷ್ಟ್ರು

ಹೆಸರಿನಲ್ಲೇ ಇದೆ ನೋಡಿ ತಾಯಿ. ಕದನ ನಡೆದದ್ದು ವಾಟರ್‌ಲೂ ಊರಿನಲ್ಲಿ ಅಲ್ಲವೇ ಅಲ್ಲ, ಅದರ ದಕ್ಷಿಣಕ್ಕೆ. ವೆಲಿಂಗ್ಟನ್ ಬಿಡಾರ ಇದ್ದದ್ದು ವಾಟರ್‌ಲೂನಲ್ಲಿ. ವರದಿಯ ಮೇಲೆ ಆ ಹೆಸರೇ ಬಿತ್ತು. ಬ್ಲ್ಯೂಖರ್‌ಗೆ ಲಾ ಬೆಲ್ ಅಲಿಯಾನ್ಸ್ ಎಂದು ಹೆಸರಿಡುವ ಆಸೆ ಇತ್ತು. ಅದು ಅಲ್ಲಿದ್ದ ಒಂದು ಹೋಟೆಲಿನ ಹೆಸರು. ಅರ್ಥ ಚೆಂದದ ಮೈತ್ರಿ. ಇಬ್ಬರು ಸೇನಾಪತಿಗಳೂ ಗೆದ್ದ ರಾತ್ರಿ ಭೇಟಿಯಾದದ್ದು ಅದರ ಹತ್ತಿರ. ಜರ್ಮನ್ನರು ಬಹಳ ಕಾಲ ಹಾಗೇ ಕರೆದರು. ಲೋಕ ಕೇಳಲಿಲ್ಲ.

ಆಮೇಲೆ ಸೈಬೋರ್ನ್ ಎಂಬ ಬ್ರಿಟಿಷ್ ಅಧಿಕಾರಿ 1830ರ ದಶಕದಲ್ಲಿ ಯುದ್ಧಭೂಮಿಯ ದೊಡ್ಡ ಮಾದರಿ ತಯಾರಿಸಿದ. ಸಾವಿರಾರು ತವರದ ಸೈನಿಕರು. ಪ್ರಷ್ಯನ್ನರು ಎಲ್ಲಿದ್ದರು, ಎಷ್ಟಿದ್ದರು ಎಂದು ವಿಚಾರಿಸಿ ಇಟ್ಟಿದ್ದ. ವೆಲಿಂಗ್ಟನ್ ಕಡೆಯವರಿಗೆ ಹಿಡಿಸಲಿಲ್ಲ. ಪಾಪ, ಕೊನೆಗೆ ಪ್ರಷ್ಯನ್ನರ ಬೊಂಬೆಗಳನ್ನು ಬಹಳಷ್ಟು ತೆಗೆಯಬೇಕಾಯಿತು.

ಷೇರು_ಶಂಕರ

ಸೋಲಿನ ಸುದ್ದಿ ಪಾರಿವಾಳದಿಂದ ಮೊದಲೇ ತಿಳಿದು ರಾಥ್‌ಚೈಲ್ಡ್ ಲಂಡನ್ ಷೇರು ಮಾರುಕಟ್ಟೆಯಲ್ಲಿ ಕೋಟಿ ಕೋಟಿ ಮಾಡಿದನಂತೆ. ಇದು ನಿಜಾನಾ?

ದಾವಣಗೆರೆ_ದೀಪು

ಕಟ್ಟುಕಥೆ ಶಂಕರಣ್ಣ. 1846ರಲ್ಲಿ ಫ್ರಾನ್ಸಿನಲ್ಲಿ ಯಹೂದಿಗಳ ಮೇಲಿನ ದ್ವೇಷಕ್ಕೆ ಬರೆದ ಒಂದು ಕಿರುಪುಸ್ತಿಕೆಯಿಂದ ಹಬ್ಬಿದ್ದು. ಮುಂದೆ ನಾಜಿಗಳು ಕೂಡ ಅದನ್ನೇ ಬಳಸಿಕೊಂಡರು. ದಯವಿಟ್ಟು ಫಾರ್ವರ್ಡ್ ಮಾಡಬೇಡಿ.

ಷೇರು_ಶಂಕರ

ಅಯ್ಯೋ, ಗೊತ್ತಿರಲಿಲ್ಲ. ಆಫೀಸಿನ ಗುಂಪಿನಲ್ಲಿ ಹಾಕಿದ್ದೆ. ಈಗಲೇ ಅಳಿಸುತ್ತೇನೆ.

ಕಾವೇರಿ_ತೀರ

ನಮ್ಮ ಊರಿನ ಕಡೆಗೆ ಸ್ವಲ್ಪ ಬನ್ನಿ. ಶ್ರೀರಂಗಪಟ್ಟಣದ ಹಳೆಯ ಕಲ್ಲಿನ ಸೇತುವೆ ವೆಲ್ಲೆಸ್ಲಿ ಸೇತುವೆ ಅಂತಾರಲ್ಲ, ಅದು ಈ ವಾಟರ್‌ಲೂ ವೀರನ ಹೆಸರೇ. ಚಿಕ್ಕಂದಿನಲ್ಲಿ ಅದರ ಕೆಳಗೆ ಈಜಿದ್ದೇವೆ.

ನಿವೃತ್ತ_ಮೇಷ್ಟ್ರು

ಅಲ್ಲಪ್ಪಾ. ಅದು ಅಣ್ಣನ ಹೆಸರು. ರಿಚರ್ಡ್ ವೆಲ್ಲೆಸ್ಲಿ, ಆಗಿನ ಗವರ್ನರ್ ಜನರಲ್. 1804ರಲ್ಲಿ ದಿವಾನ್ ಪೂರ್ಣಯ್ಯನವರು ಕಟ್ಟಿಸಿ ಅವನ ಹೆಸರಿಟ್ಟರು. ತಮ್ಮ ಅರ್ಥರ್ ಆಗ ಅಣ್ಣನ ಕೆಳಗಿದ್ದ ಸೇನಾಧಿಕಾರಿ. ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಆಡಳಿತ ಅವನ ಕೈಗೆ ಬಂತು. ವಾಸ ಇದ್ದದ್ದು ದರಿಯಾ ದೌಲತ್‌ನಲ್ಲಿ.

ಚನ್ನಗಿರಿ_ಚಂದ್ರು

ಅರ್ಥರ್ ಬಗ್ಗೆ ನಾನೂ ಸ್ವಲ್ಪ ಹೇಳಬೇಕು. ನಮ್ಮ ಚನ್ನಗಿರಿಯ ಧೋಂಡಿಯಾ ವಾಘ್ ಅವನನ್ನು ಓಡಾಡಿಸಿದ್ದು ಸಾಮಾನ್ಯ ಅಲ್ಲ. ಪಟ್ಟಣ ಬಿದ್ದಾಗ ಧೋಂಡಿಯಾ ಅಲ್ಲಿಯ ಸೆರೆಯಿಂದ ತಪ್ಪಿಸಿಕೊಂಡು ಸೈನ್ಯ ಕಟ್ಟಿದ. ತನ್ನನ್ನು ಎರಡು ಲೋಕಗಳ ಒಡೆಯ ಎಂದು ಕರೆದುಕೊಂಡ. ಅರ್ಥರ್ ತಿಂಗಳುಗಟ್ಟಲೆ ಬೆನ್ನುಹತ್ತಿ 1800ರ ಸೆಪ್ಟೆಂಬರ್ 10ರಂದು ಕೋನಗಲ್ ಹತ್ತಿರ ಕೊಂದ. ಸತ್ತವನ ಪುಟ್ಟ ಮಗ ಸಲಾಬತ್ ಖಾನ್‌ನನ್ನು ತಾನೇ ನೋಡಿಕೊಂಡ. ಇದನ್ನೂ ಹೇಳಬೇಕು, ಸುಮ್ನೆ ಒಂದು ಕಡೆ ಮಾತ್ರ ಹೇಳುವುದು ಸರಿಯಲ್ಲ.

ಆ ಬೆನ್ನಟ್ಟುವಿಕೆಯಲ್ಲಿ ಸೈನ್ಯದ ಸಾಮಾನು ಹೊತ್ತದ್ದು ನಮ್ಮ ಅಮೃತ ಮಹಲ್ ಎತ್ತುಗಳು. ಅಕ್ಕಿ, ಮದ್ದು, ಎತ್ತು, ದೋಣಿ ಇವನ್ನು ಮೊದಲು ಲೆಕ್ಕ ಹಾಕಬೇಕು ಎಂದು ಅವನು ಕಲಿತದ್ದು ಮೈಸೂರು ಸೀಮೆಯಲ್ಲಿ.

ಕಾವೇರಿ_ತೀರ

ಸೇತುವೆ ವಿಷಯ ತಿದ್ದಿದ್ದಕ್ಕೆ ಥ್ಯಾಂಕ್ಸ್ ಮೇಷ್ಟ್ರೇ. ಆದರೆ ಇವನು ನಮ್ಮಲ್ಲಿ ಒಮ್ಮೆ ಸರಿಯಾಗಿ ಪೆಟ್ಟು ತಿಂದಿದ್ದಾನೆ. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆ ತೋಪಿನಲ್ಲಿ. ಕತ್ತಲು, ನಾಲೆ, ಮರಗಳ ನಡುವೆ ದಾರಿ ತಪ್ಪಿತು. ಟಿಪ್ಪು ಸೈನಿಕರು ಹೊಡೆದು ಓಡಿಸಿದರು. ಹಗಲಲ್ಲಿ ಕಣ್ಣಾರೆ ನೋಡದ ಜಾಗದ ಮೇಲೆ ರಾತ್ರಿ ದಾಳಿಗೆ ಇನ್ನು ಮುಂದೆ ಹೋಗುವುದಿಲ್ಲ ಎಂದು ಅವನೇ ಬರೆದುಕೊಂಡ. ವಾಟರ್‌ಲೂ ದಿಬ್ಬವನ್ನು ಅವನು ಮೊದಲೇ ನೋಡಿ ಇಟ್ಟಿದ್ದ ಎಂದು ಓದಿದಾಗ ನನಗೆ ಆ ತೋಪೇ ಕಣ್ಣ ಮುಂದೆ ಬಂತು.

ಇನ್ನೊಂದು. ನೆಪೋಲಿಯನ್ 1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪುವಿಗೆ ಪತ್ರ ಬರೆದಿದ್ದ. ಇಂಗ್ಲಿಷರ ಕಬ್ಬಿಣದ ನೊಗದಿಂದ ನಿಮ್ಮನ್ನು ಬಿಡಿಸಬೇಕು ಎಂಬ ಅರ್ಥದಲ್ಲಿ. ಪತ್ರ ದಾರಿಯಲ್ಲೇ ಬ್ರಿಟಿಷರ ಕೈಗೆ ಸಿಕ್ಕಿತು. ಟಿಪ್ಪು ಅದನ್ನು ಓದಲೇ ಇಲ್ಲ. ಮೇ 4ಕ್ಕೆ ಎಲ್ಲ ಮುಗಿಯಿತು. ಪತ್ರ ಬರೆದವನಿಗೂ ಪಟ್ಟಣಕ್ಕೆ ಮುತ್ತಿಗೆ ಹಾಕಿದ್ದ ಕರ್ನಲ್‌ಗೂ 16 ವರ್ಷ ಆದ ಮೇಲೆ ಮುಖಾಮುಖಿ. ಇದನ್ನು ನೆನೆದರೆ ಇವತ್ತಿಗೂ ನನಗೆ ಮೈ ಜುಮ್ ಅನ್ನುತ್ತದೆ.

ನಕ್ಷೆ_ನಾಗರಾಜ

ಇದಕ್ಕೆ ಸೇರಿಸಿ. ಅರ್ಥರ್ 1805ರಲ್ಲಿ ಇಂಡಿಯಾ ಬಿಟ್ಟು ಹೋಗುವಾಗ ಸೇಂಟ್ ಹೆಲೆನಾ ದ್ವೀಪದಲ್ಲಿ ತಂಗಿದ್ದ, ಬ್ರಯರ್ಸ್ ಎಂಬ ಮನೆಯಲ್ಲಿ. ಹತ್ತು ವರ್ಷದ ಮೇಲೆ ಸೋತು ಸೆರೆಯಾಗಿ ಬಂದ ನೆಪೋಲಿಯನ್ ಮೊದಲ ವಾರಗಳನ್ನು ಕಳೆದದ್ದೂ ಅದೇ ಜಾಗದಲ್ಲಿ. ಅವನು ಆ ದ್ವೀಪದಲ್ಲೇ 1821ರ ಮೇ 5ರಂದು ತೀರಿಕೊಂಡ.

ದಾವಣಗೆರೆ_ದೀಪು

ಬಂದೆ ಮೇಷ್ಟ್ರೇ. ಲೈಪ್‌ಜಿಗ್ ವಾದಕ್ಕೆ ನನ್ನ ಉತ್ತರ ಇದು.

ಲೈಪ್‌ಜಿಗ್‌ನಲ್ಲಿ ಸೋತ ಮೇಲೆ ನೆಪೋಲಿಯನ್ ಹತ್ತಿರ ಹತ್ತಿರ 6 ತಿಂಗಳು ಹೋರಾಡಿದ. ಫ್ರಾನ್ಸಿನ ನೆಲದ ಮೇಲೆ ಒಂದರ ಹಿಂದೆ ಒಂದು ಕದನ. 1814ರ ಏಪ್ರಿಲ್‌ನಲ್ಲಿ ಪಟ್ಟ ಬಿಟ್ಟ. ವಾಟರ್‌ಲೂ ಆದದ್ದು ಜೂನ್ 18, ಪಟ್ಟ ಬಿಟ್ಟದ್ದು ಜೂನ್ 22. ನಾಲ್ಕೇ ದಿನ! ಗ್ರೂಶಿ ಸೈನ್ಯ ಹಾಗೇ ಇತ್ತು. ಇನ್ನಷ್ಟು ಜನರನ್ನು ಸೇರಿಸಬಹುದಿತ್ತು. ಆದರೆ ಪ್ಯಾರಿಸ್‌ನ ಜನಪ್ರತಿನಿಧಿಗಳು ಸಾಕು ಅಂದುಬಿಟ್ಟರು. ಲೈಪ್‌ಜಿಗ್ ಅವನ ಸಾಮ್ರಾಜ್ಯವನ್ನು ಮುರಿಯಿತು. ವಾಟರ್‌ಲೂ ಅವನ ಮೇಲೆ ಅವನದೇ ಜನ ಇಟ್ಟಿದ್ದ ನಂಬಿಕೆಯನ್ನು ಮುರಿಯಿತು. ಅದಕ್ಕೆ ಅದು ನಿರ್ಣಾಯಕ. ಎಲ್ಬಾದಿಂದ ವಾಪಸ್ ಬಂದಂತೆ ಅವನು ಮತ್ತೆ ಬರಲು ಆಗಲಿಲ್ಲ.

ನಿವೃತ್ತ_ಮೇಷ್ಟ್ರು

ಇದನ್ನು ಒಪ್ಪಿದೆ ದೀಪು. ನಾಲ್ಕು ದಿನದ ಲೆಕ್ಕವನ್ನು ನಾನು ಈ ರೀತಿ ನೋಡಿರಲಿಲ್ಲ. ಅಪ್ಪ ಅವರ ಮಗನಿಗೆ ಇದೇ ಹೇಳಿ. ಗೆದ್ದಿದ್ದರೆ ಕೆಲವು ತಿಂಗಳು, ಸೋತದ್ದಕ್ಕೆ ನಾಲ್ಕು ದಿನ.

ಆ ಕೆಲವು ತಿಂಗಳಲ್ಲಿ ಇನ್ನೂ ಎಷ್ಟು ಲಕ್ಷ ಜನ ಸಾಯುತ್ತಿದ್ದರೋ. ಫ್ರಾನ್ಸಿಗೂ ಈ ಒಂದು ಸಾಹಸದ ಬೆಲೆ ಜಾಸ್ತಿಯೇ ಬಿತ್ತು. 1814ರ ಸಂಧಿಯಲ್ಲಿ ದಂಡವೇ ಇರಲಿಲ್ಲ. 1815ರ ನವೆಂಬರ್ 20ರ ಸಂಧಿಯಲ್ಲಿ 70 ಕೋಟಿ ಫ್ರಾಂಕ್ ದಂಡ, ಗಡಿಯಲ್ಲಿ ಒಂದಷ್ಟು ನೆಲ, ಜೊತೆಗೆ ಪರರ ಸೈನ್ಯ ಮನೆಯೊಳಗೆ.

ಬೆಳಗಾವಿ_ಬಸು

ಎಲ್ಲ ಸರಿ. ಆದರೆ ಈ ಶಾಂತಿ ಯಾರಿಗೆ ಸಿಕ್ಕಿತು? 1815ರಿಂದ 1914ರವರೆಗೆ ಯುರೋಪ್ ಪೂರ್ತಿ ಹೊತ್ತಿ ಉರಿಯುವ ಯುದ್ಧ ಆಗಲಿಲ್ಲ ಅಂತಾರೆ. ಪೋಲೆಂಡಿನವರನ್ನು ಕೇಳಿ, ಇಟಲಿಯವರನ್ನು ಕೇಳಿ. ಅವರ ನೆಲವನ್ನು ರಾಜರು ತಟ್ಟೆಯಲ್ಲಿಟ್ಟು ಹಂಚಿಕೊಂಡರು. ಬೆಲ್ಜಿಯನ್ನರನ್ನು ಡಚ್ ರಾಜನಿಗೆ ಕಟ್ಟಿದರು, ಅವರು 1830ರಲ್ಲಿ ಕಿತ್ತುಕೊಂಡು ಬಂದರು. ಕ್ರೈಮಿಯಾ ಯುದ್ಧ, ಇಟಲಿ ಯುದ್ಧ, ಪ್ರಷ್ಯಾ ಫ್ರಾನ್ಸ್ ಯುದ್ಧ ಎಲ್ಲ ನಡೆದವು.

ನಮ್ಮ ಕಡೆ ನೋಡಿ. ಯುರೋಪಿನಲ್ಲಿ ಫ್ರೆಂಚರ ಚಿಂತೆ ಮುಗಿದ ಮೇಲೆ ಬ್ರಿಟಿಷರಿಗೆ ಇಲ್ಲಿ ಕೈ ಬಿಡುವಾಯಿತು. 1818ಕ್ಕೆ ಪೇಶ್ವೆ ಆಳ್ವಿಕೆ ಮುಗಿಯಿತು. ಬೆಳಗಾವಿ, ಧಾರವಾಡ ಎಲ್ಲ ಕಂಪನಿ ಕೈಗೆ ಹೋದದ್ದು ಆಗಲೇ. ನಮಗೆ ವಾಟರ್‌ಲೂ ಅಂದರೆ ಅದು.

ದಾವಣಗೆರೆ_ದೀಪು

ಬಸಣ್ಣ, ಪೇಶ್ವೆ ವಿಷಯದಲ್ಲಿ ವಾಟರ್‌ಲೂವನ್ನೇ ನೇರ ಕಾರಣ ಮಾಡಲು ಆಗುವುದಿಲ್ಲ. 1803ರ ಅಸ್ಸಾಯೆ ಕದನದಲ್ಲೇ ಮರಾಠರ ಬೆನ್ನು ಮುರಿದಿತ್ತು. ಅಲ್ಲೂ ಇದೇ ಅರ್ಥರ್. ಅದು ವಾಟರ್‌ಲೂಗಿಂತ ತನ್ನ ಒಳ್ಳೆಯ ಕೆಲಸ ಎಂದು ಮುದುಕನಾದ ಮೇಲೂ ಹೇಳುತ್ತಿದ್ದನಂತೆ.

ಬೆಳಗಾವಿ_ಬಸು

ನೇರ ಕಾರಣ ಅಂತ ನಾನು ಹೇಳಲಿಲ್ಲ. ಕೈ ಬಿಡುವಾಯಿತು ಅಂದೆ. ಎರಡಕ್ಕೂ ವ್ಯತ್ಯಾಸ ಇದೆ.

ಕಾನೂನು_ಕಮಲಾ

ನಾನು ವಕೀಲೆ. ನನಗೆ ಈ ಕಥೆಯಲ್ಲಿ ಬಹಳ ಹಿಡಿಸುವುದು ಬೇರೆ. ನೆಪೋಲಿಯನ್ ಸೋತ, ಆದರೆ 1804ರಲ್ಲಿ ಅವನು ತಂದ ನಾಗರಿಕ ಕಾನೂನು ಸೋಲಲಿಲ್ಲ. ಬೆಲ್ಜಿಯಂ ಅದನ್ನೇ ಇಟ್ಟುಕೊಂಡಿತು. ಡಚ್ಚರು 1838ರಲ್ಲಿ ತಮ್ಮದೇ ಕಾನೂನು ಮಾಡಿಕೊಂಡಾಗಲೂ ಅದರ ಬುನಾದಿ ಇದೇ. ಗೆದ್ದ ಪ್ರಷ್ಯಾಕ್ಕೆ ರೈನ್ ಸೀಮೆ ಸಿಕ್ಕಿತಲ್ಲ, ಅಲ್ಲಿಯ ಜನ ನಮಗೆ ಫ್ರೆಂಚ್ ಕಾನೂನೇ ಇರಲಿ ಎಂದು ಹಿಡಿದುಕೊಂಡರು. 1900ರಲ್ಲಿ ಇಡೀ ಜರ್ಮನಿಗೆ ಒಂದೇ ಕಾನೂನು ಬರುವವರೆಗೂ ಅಲ್ಲಿ ಅದೇ ನಡೆಯಿತು.

ಗೆದ್ದವರು ಬಿಟ್ಟುಹೋದದ್ದೂ ಇದೆ. ರೈನ್ ನದಿಯಲ್ಲಿ ಎಲ್ಲ ದೇಶದ ಹಡಗೂ ಓಡಾಡಲಿ ಎಂದು ವಿಯೆನ್ನಾದಲ್ಲಿ ಒಂದು ಆಯೋಗ ಮಾಡಿದರು. ಅದು ಇಂದಿಗೂ ಸ್ಟ್ರಾಸ್‌ಬರ್ಗ್‌ನಲ್ಲಿ ಕೆಲಸ ಮಾಡುತ್ತಿದೆ. ವಿಯೆನ್ನಾದ ಅಂತಿಮ ಪತ್ರಕ್ಕೆ ಸಹಿ ಬಿದ್ದದ್ದು ಜೂನ್ 9, ಕದನಕ್ಕೆ 9 ದಿನ ಮುಂಚೆ. ವಾಟರ್‌ಲೂ ಕೈ ತಪ್ಪಿದ್ದರೆ ಆ ಕಾಗದ ಏನಾಗುತ್ತಿತ್ತೋ.

ಐಂಡ್‌ಹೋವನ್_ಅಪ್ಪ

ಕಮಲಾ ಮೇಡಂ, ಅರ್ನೆಮ್ ಹತ್ತಿರ ರೈನ್ ಮೇಲೆ ಸ್ವಿಸ್ ಬಾವುಟದ ಸರಕು ದೋಣಿ ನೋಡಿದ್ದೆ. ಬೆಟ್ಟದ ದೇಶದ ದೋಣಿ ಇಲ್ಲಿ ಹೇಗೆ ಅಂತ ಆಶ್ಚರ್ಯ ಆಗಿತ್ತು. ಈಗ ಗೊತ್ತಾಯಿತು.

ಬ್ರಸೆಲ್ಸ್_ಕನ್ನಡತಿ

ಸತ್ತವರ ಬಗ್ಗೆ ಯಾರೂ ಬರೆಯಲಿಲ್ಲ. ಅಂದು ಸತ್ತವರು, ಗಾಯಗೊಂಡವರು ಸೇರಿ 40,000ಕ್ಕೂ ಹೆಚ್ಚು. ಸಾವಿರಾರು ಕುದುರೆಗಳು ಬೇರೆ. ಗಾಯಾಳುಗಳಲ್ಲಿ ಕೆಲವರು ದಿನಗಟ್ಟಲೆ ಆ ಹೊಲದಲ್ಲೇ ಬಿದ್ದಿದ್ದರು. ಸತ್ತವರ ಬಟ್ಟೆ ಬಿಚ್ಚಿಕೊಂಡರು, ಹಲ್ಲು ಕಿತ್ತರು. ಆ ಹಲ್ಲುಗಳಿಂದ ಶ್ರೀಮಂತರಿಗೆ ಕಟ್ಟುಹಲ್ಲು ಮಾಡಿದರು. ಅದಕ್ಕೆ ವಾಟರ್‌ಲೂ ಹಲ್ಲು ಎಂದೇ ಹೆಸರು ಬಂತು.

ಅಷ್ಟು ಜನ ಸತ್ತ ನೆಲದಲ್ಲಿ ಅಸ್ಥಿಪಂಜರ ಸಿಕ್ಕಿರುವುದು ಬೆರಳೆಣಿಕೆ. ಮೂಳೆಗಳನ್ನು ಅಗೆದು ಗೊಬ್ಬರಕ್ಕೆ, ಸಕ್ಕರೆ ಶುದ್ಧ ಮಾಡುವ ಕಾರ್ಖಾನೆಗೆ ಮಾರಿದರು ಎಂದು ಇತ್ತೀಚೆಗೆ ಹಲವು ವಿದ್ವಾಂಸರು ಹೇಳುತ್ತಿದ್ದಾರೆ. 2022ರಲ್ಲಿ ಮಾಂ ಸ್ಯಾಂ ಜಾಂ ತೋಟದ ಮನೆಯ ಹತ್ತಿರ ಅಗೆದಾಗ ಒಬ್ಬ ಮನುಷ್ಯನ ಪೂರ್ತಿ ಅಸ್ಥಿಪಂಜರ ಸಿಕ್ಕಿತು. ಆ ಮನೆ ಅಂದು ವೆಲಿಂಗ್ಟನ್ ಸೈನ್ಯದ ಆಸ್ಪತ್ರೆಯಾಗಿತ್ತು. ಪಕ್ಕದಲ್ಲೇ ಕತ್ತರಿಸಿದ ಕೈಕಾಲಿನ ಮೂಳೆಗಳಿದ್ದವು, ಕುದುರೆ ಮೂಳೆಗಳೂ ಇದ್ದವು. ಆ ಸುದ್ದಿ ಬಂದ ವಾರ ನಾನು ಅಲ್ಲಿಗೆ ಹೋಗಿ ಬೇಲಿಯ ಹೊರಗೆ ಸ್ವಲ್ಪ ಹೊತ್ತು ನಿಂತಿದ್ದೆ.

ಕಲಬುರಗಿ_ಕಾಕಾ

ಓದಿ ಮಾತೇ ಬರಲಿಲ್ಲ ತಂಗಿ.

ಐಂಡ್‌ಹೋವನ್_ಅಪ್ಪ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಊಟ ಆದ ಮೇಲೆ ಮಗನ ಜೊತೆ ಕೂತು ಇದನ್ನೆಲ್ಲ ಓದಿದೆ. ಆರು ತಿಂಗಳು ಮತ್ತು ನಾಲ್ಕು ದಿನದ ಲೆಕ್ಕ ಅವನಿಗೆ ಹಿಡಿಸಿತು. ಶ್ರೀರಂಗಪಟ್ಟಣದ ತೋಪಿನ ಕಥೆಯನ್ನು ಎರಡು ಸಲ ಓದಿಸಿದ. ಆಮೇಲೆ ಕೇಳಿದ, "ಆ ಹಳ್ಳಿಗೆ ನಾವು ಯಾಕೆ ಹೋಗಲಿಲ್ಲ?" ಪ್ಲಾನ್ಸ್‌ನ್ವಾ. ಮುಂದಿನ ಭಾನುವಾರ ಹೊರಟಿದ್ದೇವೆ. ಕನ್ನಡತಿ ಅಕ್ಕಾ, ಅಲ್ಲಿ ನೋಡಲು ಏನಿದೆ? ಕಾರು ಎಲ್ಲಿ ನಿಲ್ಲಿಸಬೇಕು?

ಬ್ರಸೆಲ್ಸ್_ಕನ್ನಡತಿ

ಚರ್ಚಿನ ಎದುರಿಗೇ ನಿಲ್ಲಿಸಿ, ಜಾಗ ಇರುತ್ತದೆ. ಹಳ್ಳಿಯ ಅಂಚಿನಲ್ಲಿ ಪ್ರಷ್ಯನ್ನರ ಕಬ್ಬಿಣದ ಸ್ಮಾರಕ ಇದೆ, 1819ರದ್ದು. ಅಲ್ಲಿಂದ ಹೊಲದ ದಾರಿ ಹಿಡಿದು ಪೂರ್ವಕ್ಕೆ ನಡೆದರೆ ಅವರು ಬಂದ ದಿಕ್ಕು ಕಾಣುತ್ತದೆ. ಈ ವಾರ ಇಲ್ಲಿ ಮಳೆ ಇದೆ. ಮಗನಿಗೆ ಹಳೆಯ ಶೂ ಹಾಕಿ ಕರೆದುಕೊಂಡು ಬನ್ನಿ. ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆ ಬರಬೇಕು, ಬಿಸಿಬೇಳೆ ಬಾತ್ ಮಾಡುತ್ತೇನೆ.